ಹಳೇ 1210 ಲಾರಿಯ ಸ್ಟೀರಿಂಗ್ ತೊಡೆಗೆ ತಾಗುತ್ತದೆ, ಕಾಲಮ್ ಎತ್ತಿಸಬಹುದಾ?

ಶೇಂಗಾಲೋಡ್86

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ, ಬೇಜಾರು ಮಾಡಿಕೊಳ್ಳಬೇಡಿ.

ನಮ್ಮ ಮನೆಯಲ್ಲಿ 1986ರ ಟಾಟಾ 1210 ಎಸ್‌ಇ ಲಾರಿ ಇದೆ. ಗಿಡ್ಡ ಮೂತಿಯದು, ಮರದ ಕ್ಯಾಬಿನ್. ಅಪ್ಪ ಚಳ್ಳಕೆರೆಯಿಂದ ಶೇಂಗಾ ಲೋಡ್ ಹೊಡೆದು ನಮ್ಮನ್ನೆಲ್ಲ ಸಾಕಿದ್ದು ಇದೇ ಗಾಡಿಯಲ್ಲಿ. ಆರು ವರ್ಷ ಶೆಡ್ಡಿನಲ್ಲಿ ನಿಂತಿತ್ತು. ಗುಜರಿಗೆ ಕೊಡಲು ಮನಸ್ಸು ಬರಲಿಲ್ಲ. ಹೋದ ವರ್ಷ ಇಂಜಿನ್ ಬಿಚ್ಚಿ ಕಟ್ಟಿಸಿದೆ, ಬ್ರೇಕ್ ಮಾಡಿಸಿದೆ, ಎಫ್‌ಸಿ (ಫಿಟ್ನೆಸ್ ಸರ್ಟಿಫಿಕೇಟ್) ಆಯಿತು. ಈಗ ಇಟ್ಟಿಗೆ, ಜಲ್ಲಿ ಅಂತ ವಾರಕ್ಕೆ ಎರಡು ಮೂರು ಸಲ ನಾನೇ ಓಡಿಸುತ್ತೇನೆ.

ತೊಂದರೆ ಗಾಡಿಯದಲ್ಲ, ನನ್ನ ಮೈಯದು. ಅಪ್ಪ ಐದಡಿ ಮೂರಿಂಚು. ನಾನು ಆರಡಿ ಒಂದಿಂಚು, ಹೊಟ್ಟೆಯೂ ಸ್ವಲ್ಪ ಇದೆ. ಕ್ಲಚ್ ಮೇಲಿಂದ ಕಾಲು ಎತ್ತುವಾಗ ಸ್ಟೀರಿಂಗ್ ಚಕ್ರದ ಅಂಚು ತೊಡೆಗೆ ಬಡಿಯುತ್ತದೆ. ಚಕ್ರ ಊಟದ ತಟ್ಟೆ ಇಟ್ಟ ಹಾಗೆ ಮಲಗಿಕೊಂಡಿದೆ. ಅದರ ಆಚೆ ಅಂಚು ಹಿಡಿಯಬೇಕು ಅಂದ್ರೆ ಬಗ್ಗಬೇಕು, ಈಚೆ ಅಂಚು ಹೊಟ್ಟೆಗೆ ಒತ್ತುತ್ತದೆ. 40 ಕಿಲೋಮೀಟರ್ ಓಡಿಸಿದರೆ ಭುಜ ಎರಡೂ ಬಿದ್ದುಹೋಗುತ್ತವೆ.

ಟೇಪ್ ಹಿಡಿದು ಅಳೆದೆ. ಸೀಟಿನ ದಿಂಬಿನಿಂದ ಚಕ್ರದ ಕೆಳ ಅಂಚಿಗೆ 6 ಇಂಚು. ಬೆನ್ನಿನ ಹಲಗೆಯಿಂದ ಅಂಚಿಗೆ 13 ಇಂಚು. ಚಕ್ರದ ಅಗಲ 22 ಇಂಚು.

ಇಲ್ಲಿನ ಮೆಕ್ಯಾನಿಕ್ ಎರಡು ದಾರಿ ಹೇಳಿದ. ಸ್ಟೀರಿಂಗ್ ಕಾಲಮ್ಮನ್ನು, ಅಂದ್ರೆ ಚಕ್ರದಿಂದ ಕೆಳಗಿಳಿಯುವ ಕೊಳವೆಯನ್ನು, ಡ್ಯಾಶ್ ಬಳಿ ಹಿಡಿದಿರುವ ಕ್ಲಾಂಪನ್ನು ಬೇರೆ ಕಡೆ ತೂತು ಹೊಡೆದು ಎರಡಿಂಚು ಮೇಲೆ ಕೂರಿಸುವುದು ಒಂದು. ಕಾಲಮ್ಮನ್ನೇ ಮೂರಿಂಚು ಕತ್ತರಿಸಿ ವೆಲ್ಡಿಂಗ್ ಮಾಡುವುದು ಇನ್ನೊಂದು, ಅರ್ಧ ದಿನದ ಕೆಲಸವಂತೆ. ನನ್ನ ತಲೆಯಲ್ಲಿ ಇರುವುದು ಮೂರನೇದು, ಕಾರಿನ ಅಂಗಡಿಯಿಂದ ಚಿಕ್ಕ ಚಕ್ರ ತಂದು ಹಾಕಿಬಿಡುವುದು. ಯಾವುದು ಮಾಡಿಸಲಿ? ಹಳೇ ಗಾಡಿ ಇಟ್ಟವರು ಹೇಳಿ.

ಗ್ರೀಸ್ ಕೈ

ವೆಲ್ಡಿಂಗ್ ಮಾತನ್ನು ಇವತ್ತೇ ಬಿಟ್ಟುಬಿಡಿ ಸರ್. ಮಿಕ್ಕಿದ್ದು ಆಮೇಲೆ.

ಕಾಲಮ್ ಒಳಗಿರುವ ಶಾಫ್ಟ್ ಗೇಟಿಗೆ ಹಾಕುವ ಸಾದಾ ರಾಡ್ ಅಲ್ಲ, ಹದ ಕೊಟ್ಟ ಉಕ್ಕು. ಸಾದಾ ಆರ್ಕ್ ವೆಲ್ಡಿಂಗ್ ಬಿಟ್ಟರೆ ಬೆಸುಗೆಯ ಪಕ್ಕದಲ್ಲೇ ಅದು ಪೆಡಸಾಗುತ್ತದೆ. ಹೊರಗಿನಿಂದ ಗಟ್ಟಿಯಾಗಿಯೇ ಕಾಣುತ್ತದೆ. ಮುರಿಯುವುದು ಯಾವಾಗ ಗೊತ್ತಾ, ಲೋಡ್ ಇಟ್ಟುಕೊಂಡು ಮುಂದಿನ ಚಕ್ರ ಗುಂಡಿಗೆ ಬಿದ್ದಾಗ, ಇಲ್ಲಾ ನಿಂತ ಗಾಡಿಯಲ್ಲಿ ಜೋರಾಗಿ ತಿರುಗಿಸುವಾಗ. ನಿಂತ ಗಾಡಿಯಲ್ಲಿ ಮುರಿದರೆ ಪುಣ್ಯ.

ಈಗ ಗಾಡಿ ಕೆಳಗೆ ತೂರಿ ನೋಡಿ. ಸ್ಟೀರಿಂಗ್ ಚಕ್ರದಿಂದ ಇಳಿದ ಶಾಫ್ಟ್ ನೇರ ಸ್ಟೀರಿಂಗ್ ಬಾಕ್ಸಿನೊಳಗೆ (ಗೇರ್ ಇರುವ ಪೆಟ್ಟಿಗೆ) ಹೋಗುತ್ತದಾ, ಅಥವಾ ನಡುವೆ ಎಲ್ಲಾದರೂ ಕ್ರಾಸ್ ಇರುವ ಜಾಯಿಂಟ್ ಇದೆಯಾ? ಉತ್ತರ ಇದರ ಮೇಲೆ ನಿಂತಿದೆ. ಕ್ರಾಸ್ ಇದ್ದರೆ ಮೇಲಿನ ತುಂಡನ್ನು ಸ್ವಲ್ಪ ಎತ್ತಿ ಇಳಿಸಲು ಜಾಗ ಸಿಗುತ್ತದೆ. ನೇರ ಹೋಗಿದ್ದರೆ ಕಾಲಮ್ ಎಷ್ಟು ಓರೆ ಇರಬೇಕು ಅಂತ ಹೇಳುವುದು ಚಾಸಿಗೆ ಬೋಲ್ಟ್ ಆದ ಬಾಕ್ಸು, ಡ್ಯಾಶ್ ಅಲ್ಲ. ಡ್ಯಾಶಿನ ಕ್ಲಾಂಪ್ ಇರುವುದು ಸುಮ್ನೆ ಅಲುಗಾಡದ ಹಾಗೆ ಹಿಡಿದುಕೊಳ್ಳಲು. ಅದನ್ನು ಎರಡಿಂಚು ಮೇಲೆ ಕೂರಿಸಿದರೆ ಕಾಲಮ್ ಬಿಲ್ಲಿನ ಹಾಗೆ ಬಾಗುತ್ತದೆ. ಮೇಲಿನ ಬುಷ್ ಒಂದೇ ಕಡೆ ಸವೆಯುತ್ತದೆ, ಬಾಕ್ಸಿನ ಬೇರಿಂಗ್ ಮೇಲೆ ಓರೆ ಭಾರ ಬೀಳುತ್ತದೆ, ಸೀಲ್ ಹೋಗಿ ಆಯಿಲ್ ಸೋರುತ್ತದೆ. ತಿರುವು ಮುಗಿದ ಮೇಲೆ ಸ್ಟೀರಿಂಗ್ ತಾನಾಗಿ ವಾಪಸ್ ಬರುವುದೂ ನಿಲ್ಲುತ್ತದೆ. ನಮ್ಮ ಗ್ಯಾರೇಜಿಗೆ ಸ್ಟೀರಿಂಗ್ ಬಿಗಿ ಅಂತ ಬಂದ ಎಷ್ಟೋ ಹಳೇ ಗಾಡಿಗಳಲ್ಲಿ ಬಾಕ್ಸ್ ಚೆನ್ನಾಗಿಯೇ ಇತ್ತು, ಕ್ಲಾಂಪ್ ಮಾತ್ರ ಎಳೆದು ಕೂರಿಸಿದ್ದರು.

ಒಂದು ಪರೀಕ್ಷೆ ಮಾಡಿ. ಸಮ ನೆಲದಲ್ಲಿ ಗಾಡಿ ನಿಲ್ಲಿಸಿ, ಚಕ್ರ ನೇರ ಇಟ್ಟು, ಆ ಕ್ಲಾಂಪಿನ ಬೋಲ್ಟ್‌ಗಳನ್ನು ಸಡಿಲ ಮಾಡಿ. ಕಾಲಮ್ ಇದ್ದಲ್ಲೇ ಇರಬೇಕು. ಟಪ್ ಅಂತ ಮೇಲಕ್ಕೋ ಪಕ್ಕಕ್ಕೋ ಹಾರಿದರೆ ಈಗಾಗಲೇ ಯಾರೋ ಎಳೆದು ಕಟ್ಟಿದ್ದಾರೆ ಅಂತ ಅರ್ಥ. ಅದು ಎಲ್ಲಿ ತಾನಾಗಿ ನಿಲ್ಲುತ್ತದೋ ಅದೇ ಅದರ ಜಾಗ. ಅಲ್ಲೇ ಬೋಲ್ಟ್ ಬಿಗಿ ಮಾಡಿ.

ಲೆಕ್ಕದ ಮೇಷ್ಟ್ರು

ಚಿಕ್ಕ ಚಕ್ರದ ಬಗ್ಗೆ ಮಾತ್ರ ಹೇಳುತ್ತೇನೆ. ನಿಮ್ಮದು ಪವರ್ ಸ್ಟೀರಿಂಗ್ ಅಲ್ಲ ಅಂತ ಅಂದುಕೊಂಡಿದ್ದೇನೆ. 22 ಇಂಚು ತೆಗೆದು 18 ಇಂಚು ಹಾಕಿದರೆ ಅಷ್ಟೇ ತಿರುಗಿಸಲು ಕೈಗೆ ಸುಮಾರು 22 ಪರ್ಸೆಂಟ್ ಜಾಸ್ತಿ ಬಲ ಬೇಕು. 22 ಭಾಗಿಸು 18, ಅಷ್ಟೇ ಲೆಕ್ಕ. ಕಾರಿನ 15 ಇಂಚಿನದು ಹಾಕಿದರೆ ಹತ್ತಿರ ಹತ್ತಿರ ಒಂದೂವರೆ ಪಟ್ಟು. ಈಗಲೇ ಭುಜ ಬಿದ್ದುಹೋಗುತ್ತದೆ ಅನ್ನುತ್ತಿದ್ದೀರಿ! ಜಲ್ಲಿ ತುಂಬಿಕೊಂಡು ಒಂದು ಸಲ ಇಕ್ಕಟ್ಟಿನಲ್ಲಿ ರಿವರ್ಸ್ ಹೊಡೆದರೆ ಹಳೇ ಚಕ್ರವನ್ನೇ ಹುಡುಕಿಕೊಂಡು ಹೋಗುತ್ತೀರಿ.

ಇನ್ನೊಂದು. ಕಾಲಮ್ಮಿಗೆ ಕೈ ಹಾಕುವ ಮೊದಲು ಪ್ಲೇ, ಅಂದ್ರೆ ಮುಂದಿನ ಚಕ್ರ ಅಲುಗದೆ ಸ್ಟೀರಿಂಗ್ ಖಾಲಿ ತಿರುಗುವುದು, ಎಷ್ಟಿದೆ ನೋಡಿಕೊಳ್ಳಿ. ಕೇಂದ್ರ ಮೋಟಾರು ವಾಹನ ನಿಯಮದಲ್ಲಿ ಸ್ಟೀರಿಂಗ್ ಚಕ್ರದ ಖಾಲಿ ತಿರುಗಾಟ 30 ಡಿಗ್ರಿ ಮೀರಬಾರದು ಅಂತಿದೆ. ನಿಮ್ಮ 22 ಇಂಚಿನ ಚಕ್ರದ ಅಂಚಿನಲ್ಲಿ ಅದು ಆರಿಂಚಿಗೆ ಸ್ವಲ್ಪ ಕಮ್ಮಿ. ಬ್ರೇಕ್ ಇನ್‌ಸ್ಪೆಕ್ಟರ್ ಅಷ್ಟನ್ನು ಒಪ್ಪಬಹುದು, ನನಗೆ ಮಾತ್ರ ಆರಿಂಚು ಅಂದ್ರೆ ಭಯ. ಕೂರುವ ಭಂಗಿ ಸರಿ ಇಲ್ಲದಿದ್ದರೂ ಭುಜ ನೋಯುತ್ತದೆ, ಪ್ಲೇ ಜಾಸ್ತಿ ಆಗಿ ದಾರಿಯುದ್ದಕ್ಕೂ ಆ ಕಡೆ ಈ ಕಡೆ ಸರಿಪಡಿಸುತ್ತಾ ಇದ್ದರೂ ನೋಯುತ್ತದೆ. ಎರಡನ್ನೂ ಬೇರೆ ಬೇರೆ ಮಾಡಿ ನೋಡಬೇಕು.

ನೈಟ್‌ಹಾಲ್ಟ್ ಅಜ್ಜ

ತಮ್ಮಾ, ನೀನು ಸ್ಟೇರಿಂಗ್ ನೋಡ್ತಾ ಇದ್ದೀಯ. ತಪ್ಪು ಇರುವುದು ಸೀಟಿನಲ್ಲಿ.

ನಾನು ಕ್ಲೀನರ್ ಆಗಿ ಹತ್ತಿದ್ದು ಮೂತಿ ಮೇಲೆ ಬೆಂಜ್ ನಕ್ಷತ್ರ ಇದ್ದ ಗಾಡಿಗೆ. 1954ರಿಂದ 69ರವರೆಗೆ ಟಾಟಾದವರಿಗೂ ಜರ್ಮನಿಯ ಬೆಂಜಿನವರಿಗೂ ಕರಾರು ಇತ್ತು, ಆಮೇಲೆ ನಕ್ಷತ್ರ ಹೋಗಿ ಟಾಟಾ ಅಂತ ಬಂತು. ಅದಿರಲಿ. ಆ ಕಾಲದಲ್ಲಿ ಲಾರಿ ಅಂದ್ರೆ ಕಂಪನಿಯಿಂದ ಬರುತ್ತಿದ್ದುದು ಚಾಸಿ, ಇಂಜಿನ್, ಮೂತಿ, ಸ್ಟೇರಿಂಗ್, ಪೆಡಲ್ ಇಷ್ಟೇ. ಕ್ಯಾಬಿನ್ ಇಲ್ಲ. ಡ್ರೈವರ್ ತಲೆಗೆ ಟವೆಲ್ ಸುತ್ತಿಕೊಂಡು, ಬಿಸಿಲಲ್ಲಿ ಬರೀ ಚಾಸಿಯನ್ನೇ ಬಾಡಿ ಕಟ್ಟುವ ಊರಿಗೆ ಹೊಡೆದುಕೊಂಡು ಹೋಗಬೇಕು. ಕೆಲವರು ನಾಮಕ್ಕಲ್ಲಿಗೆ ಹೋಗುತ್ತಿದ್ದರು, ಕೆಲವರು ಇಲ್ಲೇ ಹತ್ತಿರದಲ್ಲಿ ಕಟ್ಟಿಸುತ್ತಿದ್ದರು. ಅಲ್ಲಿ ಬಡಗಿ ಮರದಲ್ಲಿ ಕ್ಯಾಬಿನ್ ಕಟ್ಟುತ್ತಿದ್ದ, ಸೀಟೂ ಅವನದೇ. ಅಂದ್ರೆ ಸ್ಟೇರಿಂಗ್ ಎಲ್ಲಿರಬೇಕು ಅಂತ ಕಂಪನಿ ಹೇಳಿತು, ನೀನು ಎಲ್ಲಿ ಕೂರಬೇಕು ಅಂತ ಬಡಗಿ ಹೇಳಿದ.

ಅವನಿಗೆ ಅಳತೆ ಪುಸ್ತಕ ಯಾವುದೂ ಇರಲಿಲ್ಲ. ಓನರ್ ಕಮ್ ಡ್ರೈವರ್ ಆಗಿದ್ದರೆ ಅಲ್ಲೇ ಒಂದು ಪೆಟ್ಟಿಗೆ ಮೇಲೆ ಕೂರಿಸುತ್ತಿದ್ದ. ಕ್ಲಚ್ ಒತ್ತಣ್ಣ ಅನ್ನುತ್ತಿದ್ದ. ಕಾಲು ತಲುಪಿತಾ, ಸರಿ, ಅಲ್ಲಿಗೆ ಮೊಳೆ. ನಿಮ್ಮಪ್ಪ ಐದಡಿ ಮೂರಿಂಚು ಅಂತೀಯಲ್ಲ, ಆ ಸೀಟು ಅವರ ಕಾಲಿನ ಅಳತೆಗೆ ಹೊಲಿಸಿದ ಪ್ಯಾಂಟು. ನೀನು ಅದರೊಳಗೆ ತೂರಿಕೊಂಡು ಬೆಲ್ಟ್ ಸರಿಯಿಲ್ಲ ಅಂತೀಯ.

ಚಕ್ರ ತಟ್ಟೆ ಹಾಗೆ ಮಲಗಿದೆ ಅಂದೆ. ಅದು ಮಲಗಿರಬೇಕಾದದ್ದೇ. ಪವರ್ ಇಲ್ಲದ ಗಾಡಿಯಲ್ಲಿ ಬರೀ ಕೈ ಬಲದಿಂದ ತಿರುಗಿಸಲು ಆಗುವುದಿಲ್ಲ, ಮೇಲಿನಿಂದ ಭುಜ ಹಾಕಿ ಮೈಭಾರದಲ್ಲಿ ಎಳೆಯಬೇಕು. ಕಾರಿನ ಹಾಗೆ ಎದ್ದು ನಿಂತ ಚಕ್ರ ಆಗಿದ್ದರೆ ನಮ್ಮ ಕೈ ಎಂದೋ ಕಳಚಿ ಬರುತ್ತಿತ್ತು. ಹಿಡಿಯುವುದೂ ಹಾಗೆಯೇ, ಆಚೆ ಅಂಚಿಗೆ ಯಾಕೆ ಹೋಗ್ತೀಯ? ಎಡಕ್ಕೂ ಬಲಕ್ಕೂ ಒಂದೊಂದು ಕೈ ಇಟ್ಟು, ಎಳೆದು ಬಿಡು, ಎಳೆದು ಬಿಡು. ಕೈ ಕತ್ತರಿ ಹಾಕಬೇಡ.

ಸೀಟನ್ನು ಹಿಂದೆ ಸರಿಸು. ತೀರಾ ಇಳಿಸಬೇಡ, ಅದನ್ನು ಮಾತ್ರ ನೆನಪಿಡು.

ಡಲ್ಲಾಸ್‌ನಲ್ಲಿ ಮಂಡ್ಯ

ಅಜ್ಜನ ಮಾತು ಓದಿ ಖುಷಿ ಆಯಿತು. ನನ್ನದು ಬೇರೆ ಲೋಕ. ಇಲ್ಲಿ 1972ರ ಶೆವ್ರೊಲೆ ಸಿ10 ಪಿಕಪ್ ಇಟ್ಟುಕೊಂಡಿದ್ದೇನೆ, ಶನಿವಾರ ಭಾನುವಾರದ ಹುಚ್ಚು. ಇದರಲ್ಲೂ ಅದೇ ಕತೆ, ಬೆಂಚ್ ಸೀಟು, ಹೊಟ್ಟೆಗೆ ತಾಗುವ ದೊಡ್ಡ ಚಕ್ರ. ನಾನು ಮಾಡಿದ್ದು ಹಳೇ ಕಾಲಮ್ ತೆಗೆದು ಟಿಲ್ಟ್ ಕಾಲಮ್ ಹಾಕಿದ್ದು. ಲಿವರ್ ಎಳೆದರೆ ಚಕ್ರ ಮೇಲೆ ಹೋಗುತ್ತದೆ, ಆರಾಮಾಗಿ ಹತ್ತಿ ಇಳಿಯಬಹುದು. ಈ ಗಾಡಿಗಳಿಗೆ ಇಲ್ಲಿ ರೆಡಿಮೇಡ್ ಸಿಗುತ್ತದೆ. ಕಾಲಮ್ ಮತ್ತು ಬಾಕ್ಸ್ ಬೇರೆ ಬೇರೆ ತುಂಡು, ನಡುವೆ ರಬ್ಬರ್ ಡಿಸ್ಕಿನ ಕಪ್ಲಿಂಗ್ ಇರುತ್ತದೆ, ಬಿಚ್ಚುವುದು ಕಷ್ಟವಲ್ಲ. ಕೋನ ಜಾಸ್ತಿ ಬದಲಾದರೆ ಕಪ್ಲಿಂಗ್ ಬದಲು ಯೂನಿವರ್ಸಲ್ ಜಾಯಿಂಟ್, ಅಂದ್ರೆ ಆ ಕ್ರಾಸ್ ಇರುವ ಜಾಯಿಂಟ್, ಹಾಕುತ್ತಾರೆ.

ನಿಮ್ಮ ಲಾರಿಗೂ ಹೀಗೆ ಎರಡು ಜಾಯಿಂಟ್ ಹಾಕಿ ಕಾಲಮ್ಮನ್ನು ಬೇಕಾದ ಓರೆಗೆ ತರಬಹುದಲ್ವಾ? ಒಂದು ಜಾಯಿಂಟ್ 35 ಡಿಗ್ರಿವರೆಗೆ ತಡೆಯುತ್ತದೆ, ಎರಡರ ನೊಗಗಳು ಒಂದಕ್ಕೊಂದು ಹೊಂದಿರಬೇಕು, ಇಲ್ಲದಿದ್ದರೆ ತಿರುಗಿಸುವಾಗ ಒಮ್ಮೆ ಹಗುರ ಒಮ್ಮೆ ಬಿಗಿ ಅನಿಸುತ್ತದೆ.

ಸೀಟಿಗೆ ನಾನು ನೋಡುವ ಪರೀಕ್ಷೆ: ಬೆನ್ನು ಪೂರ್ತಿ ಆನಿಸಿ ಕೂತು, ಕೈ ನೀಟಾಗಿ ಚಾಚಿದರೆ ಮಣಿಕಟ್ಟು ಚಕ್ರದ ನೆತ್ತಿಯ ಮೇಲೆ ಕೂರಬೇಕು.

ಗ್ರೀಸ್ ಕೈ

ಡಲ್ಲಾಸ್ ಸರ್, ನಿಮ್ಮದು ಖಾಲಿ ಓಡಾಡುವ ಪಿಕಪ್ಪು, ಇವರದು ಲೋಡಾದರೆ 12 ಟನ್ ತೂಗುವ ಲಾರಿ. 1210ರ ಮೊದಲಿನ ಎರಡು ಅಂಕಿ ಇರುವುದೇ ಅದಕ್ಕೆ. ನಿಮ್ಮ ಕಡೆ ಅಳತೆಗೆ ಮಾಡಿದ, ಹಲ್ಲು ಕೊರೆದ (ಸ್ಪ್ಲೈನ್) ಜಾಯಿಂಟ್ ಸಿಗುತ್ತದೆ. ಇಲ್ಲಿ ಜಾಯಿಂಟ್ ಹಾಕಬೇಕು ಅಂದ್ರೆ ಶಾಫ್ಟ್ ಕತ್ತರಿಸಿ, ಲೇತಿಗೆ ಕೊಟ್ಟು, ಎಲ್ಲಿಂದಲೋ ತಂದ ಕ್ರಾಸನ್ನು ವೆಲ್ಡಿಂಗ್ ಮಾಡುತ್ತಾರೆ. ಮತ್ತೆ ಅಲ್ಲಿಗೇ ಬಂತು. ಮಾಡಲೇಬೇಕು ಅಂದ್ರೆ ಪವರ್ ಸ್ಟೀರಿಂಗ್ ಬಂದ ಲಾರಿಯ ಬಾಕ್ಸ್, ಕಾಲಮ್, ಪಂಪ್, ಬ್ರಾಕೆಟ್ ಪೂರ್ತಿ ಸೆಟ್ ತಂದು, ಕೂರಿಸಲು ಗೊತ್ತಿರುವವರ ಹತ್ತಿರ ಕೂರಿಸಬೇಕು. ವಾರಕ್ಕೆರಡು ಟ್ರಿಪ್ ಹೊಡೆಯುವ ಗಾಡಿಗೆ ಅಷ್ಟು ದುಡ್ಡು ಸುರಿಯಬೇಡಿ ಅಂತ ನಾನೇ ಹೇಳುತ್ತೇನೆ.

ಬಾಕ್ಸನ್ನೇ ಚಾಸಿಯಲ್ಲಿ ಸ್ವಲ್ಪ ತಿರುಗಿಸಿ ಕೂರಿಸಿದರೆ ಆಗಲ್ವಾ ಅಂತ ಯಾರಾದರೂ ಕೇಳುತ್ತಾರೆ, ಅದಕ್ಕೂ ಈಗಲೇ ಹೇಳಿಬಿಡುತ್ತೇನೆ. ಬಾಕ್ಸ್ ತಿರುಗಿದರೆ ಅದರಿಂದ ಕೆಳಗಿಳಿದ ಡ್ರಾಪ್ ಆರ್ಮೂ ತಿರುಗುತ್ತದೆ, ಬಾಕ್ಸ್ ನಟ್ಟನಡುವೆ ಇದ್ದರೂ ಆರ್ಮ್ ಮುಂದೆಯೋ ಹಿಂದೆಯೋ ವಾಲಿರುತ್ತದೆ. ಆಗ ಡ್ರ್ಯಾಗ್ ಲಿಂಕ್, ಅಂದ್ರೆ ಆ ಆರ್ಮನ್ನು ಮುಂದಿನ ಚಕ್ರಕ್ಕೆ ಜೋಡಿಸುವ ರಾಡಿನ ಉದ್ದ, ಸರಿಯಾಗಿ ಬದಲಿಸದಿದ್ದರೆ ಗಾಡಿ ನೇರ ಹೋಗುವಾಗ ಬಾಕ್ಸ್ ನಡುವಿನಲ್ಲಿ ಇರುವುದಿಲ್ಲ. ಬಾಕ್ಸಿನ ಒಳಗೆ ಗೇರ್ ಹಲ್ಲು ಬಿಗಿಯಾಗಿ ಕೂರುವುದು ನಟ್ಟನಡುವೆ ಮಾತ್ರ, ಪಕ್ಕಕ್ಕೆ ಹೋದರೆ ಸಡಿಲ. ನೇರ ರಸ್ತೆಯಲ್ಲೇ ಪ್ಲೇ ಬರುತ್ತದೆ. ಒಂದು ಕಡೆ ಜಾಸ್ತಿ ತಿರುಗುತ್ತದೆ, ಇನ್ನೊಂದು ಕಡೆ ಕಮ್ಮಿ. ಇಷ್ಟೆಲ್ಲ ಯಾಕೆ, ಒಂದು ಹಲಗೆ ಹಿಂದೆ ಸರಿಸುವುದಕ್ಕಿಂತ ಇದು ಸುಲಭನಾ? ಅಜ್ಜ ಹೇಳಿದ್ದೇ ಸರಿ.

ಮಣಿಕಟ್ಟಿನ ಪರೀಕ್ಷೆ ಕಾರಿಗೆ ಸರಿ. ಮಲಗಿದ ಚಕ್ರಕ್ಕೆ ನಾನು ನೋಡುವುದು ಬೇರೆ. ಕ್ಲಚ್ ಪೂರ್ತಿ ಒತ್ತಿದಾಗ ಮೊಣಕಾಲು ಇನ್ನೂ ಸ್ವಲ್ಪ ಮಡಚಿರಬೇಕು. ಕಾಲು ಮೇಲೆ ಬಂದಾಗ ತೊಡೆಗೂ ಅಂಚಿಗೂ ನಡುವೆ ಒಂದು ಮುಷ್ಟಿ ತೂರಬೇಕು. ಚಕ್ರದ ಎರಡು ಪಕ್ಕ ಹಿಡಿದಾಗ ಮೊಣಕೈ ಮಡಚಿರಬೇಕು, ಭುಜ ಕಿವಿ ಕಡೆ ಏರಬಾರದು.

ಶೇಂಗಾಲೋಡ್86

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಭಾನುವಾರ ಪೂರ್ತಿ ಗಾಡಿ ಕೆಳಗೇ ಇದ್ದೆ. ಹೌದು, ಪವರ್ ಸ್ಟೀರಿಂಗ್ ಅಲ್ಲ. ಶಾಫ್ಟ್ ನೇರ ಬಾಕ್ಸಿಗೆ ಹೋಗಿದೆ, ಕ್ರಾಸ್ ಇಲ್ಲ. ಪ್ಲೇ ಮೂರಿಂಚು ಇದೆ.

ಆದರೆ ಕ್ಲಾಂಪ್ ಸಡಿಲ ಮಾಡಿದಾಗ ಕಾಲಮ್ ಟಪ್ ಅಂತ ಮೇಲೆ ಹಾರಿತು! ಗ್ರೀಸ್ ಕೈ ಸರ್ ಹೇಳಿದ ಹಾಗೆಯೇ. ನೋಡಿದರೆ ಡ್ಯಾಶಿಗೂ ಬ್ರಾಕೆಟ್ಟಿಗೂ ನಡುವೆ ಎರಡು ವಾಷರ್, ಅದರ ಮೇಲೆ ಟ್ಯೂಬಿನ ರಬ್ಬರ್ ಮಡಚಿ ಇಟ್ಟು ಕಾಲಮ್ಮನ್ನು ಕೆಳಗೆ ಒತ್ತಿ ಕಟ್ಟಿದ್ದಾರೆ. ರಬ್ಬರ್ ಕಲ್ಲಾಗಿಹೋಗಿತ್ತು. ಅಪ್ಪನನ್ನು ಕೇಳಿದೆ. ಮೊದಲು ಗೊತ್ತಿಲ್ಲ ಅಂದರು. ಸಂಜೆ ಕಾಫಿ ಕುಡಿಯುವಾಗ ತಾವಾಗಿಯೇ ಹೇಳಿದರು, ಗಾಡಿ ಹೊಸದರಲ್ಲಿ ಚಕ್ರ ಎದೆ ಹತ್ತಿರ ಬರುತ್ತಿತ್ತಂತೆ, ಎತ್ತರಕ್ಕೆ ಕೈ ಇಟ್ಟು ಇಟ್ಟು ಭುಜ ನೋಯುತ್ತಿತ್ತಂತೆ. ಅದಕ್ಕೆ ತಾವೇ ದಾರಿಯಲ್ಲಿ ನಿಲ್ಲಿಸಿ ಪಂಕ್ಚರ್ ಅಂಗಡಿಯ ಹಳೇ ಟ್ಯೂಬ್ ಕತ್ತರಿಸಿ ಹಾಕಿದ್ದರಂತೆ. ಅಂದ್ರೆ ಇವರಿಗೂ ಅದೇ ಭುಜ ನೋವು, ನನಗೂ ಅದೇ. ಅವರು ಇಳಿಸಿದ್ದನ್ನು ಎತ್ತಲು ನಾನು ಇಷ್ಟೆಲ್ಲ ಬರೆದೆ.

ವಾಷರ್, ರಬ್ಬರ್ ಎಲ್ಲ ತೆಗೆದು, ಕಾಲಮ್ ನಿಂತ ಜಾಗದಲ್ಲೇ ಬಿಗಿ ಮಾಡಿದೆ. ಚಕ್ರದ ಅಂಚು ಒಂದಿಂಚಿಗೂ ಸ್ವಲ್ಪ ಜಾಸ್ತಿ ಮೇಲೆ ಬಂತು. ಸ್ಟೀರಿಂಗ್ ಹಗುರ ಆಯಿತು, ತಿರುವಿನಲ್ಲಿ ಕೈ ಬಿಟ್ಟರೆ ತಾನಾಗಿ ವಾಪಸ್ ಬರುತ್ತಿದೆ. ಮೇಲಿನ ಬುಷ್ ಒಂದು ಕಡೆ ಸವೆದಿತ್ತು, ಹೊಸದು ಹಾಕಿದೆ.

ಆಮೇಲೆ ಸೀಟು. ಅಜ್ಜ, ನಾನು ಮೊದಲು ನಿಮ್ಮ ಮಾತು ಕೇಳಲಿಲ್ಲ. ಮೂರಿಂಚು ಇಳಿಸಿ ನೋಡಿದೆ. ಇಳಿಸಿದರೆ ಮೊಣಕಾಲು ಮೇಲಕ್ಕೆ ಎದ್ದು ಮತ್ತೆ ಚಕ್ರದ ಹತ್ತಿರವೇ ಬರುತ್ತದೆ, ಅದು ತಲೆಗೆ ಹೊಳೆದಿರಲಿಲ್ಲ. ಎಡಗಡೆ ಮೂತಿಯ ಮೂಲೆಯೂ ಕಾಣಿಸಲಿಲ್ಲ. ವಾಪಸ್ ಎತ್ತಿದೆ. ಈಗ ಬರೀ ಅರ್ಧ ಇಂಚು ಇಳಿಸಿ, ನಾಲ್ಕಿಂಚು ಹಿಂದೆ ಸರಿಸಿದ್ದೇನೆ. ಹಿಂದಿನ ಮಲಗುವ ಹಲಗೆ ಸ್ವಲ್ಪ ಕತ್ತರಿಸಬೇಕಾಯಿತು. ದಿಂಬಿನ ಮುಂದಿನ ಅಂಚನ್ನು ತೆಳ್ಳಗೆ ಮಾಡಿಸಿದೆ, ಕ್ಲಚ್ ಒತ್ತುವಾಗ ತೊಡೆಗೆ ಒತ್ತುವುದಿಲ್ಲ. ನಿನ್ನೆ ಹಿರಿಯೂರಿಗೆ ಹೋಗಿ ಬಂದೆ. ಸೊಂಟ ಸ್ವಲ್ಪ ಹಿಡಿಯಿತು, ಭುಜಕ್ಕೆ ಏನೂ ಆಗಿಲ್ಲ. ಕಾರಿನ ಚಿಕ್ಕ ಚಕ್ರದ ಆಸೆಯನ್ನು ಮೇಷ್ಟ್ರ ಲೆಕ್ಕ ನೋಡಿದ ದಿನವೇ ಬಿಟ್ಟೆ.

ಈಗ ಹೊಸ ಗಲಾಟೆ. ಸಂಜೆ ಅಪ್ಪ ಬಂದು ಹತ್ತಿ ಕೂತರು. ಕಾಲು ಕ್ಲಚ್ಚಿಗೆ ತಲುಪಲಿಲ್ಲ. ಎರಡು ಸಲ ಮುಂದೆ ಜಾರಿ ನೋಡಿದರು, ಸುಮ್ಮನೆ ಇಳಿದು ಹೋದರು, ರಾತ್ರಿ ಊಟಕ್ಕೆ ಕರೆದರೂ ಹಸಿವಿಲ್ಲ ಅಂದರು. ವಯಸ್ಸು 71, ಮೇನ್ ರೋಡಿಗೆ ಓಡಿಸುವುದಿಲ್ಲ, ಶೆಡ್ಡಿನಿಂದ ಹೊರಗೆ ತೆಗೆಯುವುದು, ತೊಳೆದು ಒಳಗೆ ಬಿಡುವುದು ಇಷ್ಟೇ. ಆದರೂ ಅವರಿಗೆ ಕೂರಲು ಆಗಬೇಕು. ಮುಂದೆ ಹಿಂದೆ ಸರಿಯುವ ಸೀಟು ಇದಕ್ಕೆ ಹಾಕಬಹುದಾ?

ನೈಟ್‌ಹಾಲ್ಟ್ ಅಜ್ಜ

ಹಾಕಬಹುದು ತಮ್ಮಾ. ಅಲ್ಲಿವರೆಗೆ ಬೆನ್ನಿಗೆ ಒಂದು ಗಟ್ಟಿ ದಿಂಬು ಇಟ್ಟು ಕೂರಿಸು. ಮೆತ್ತನೆಯದು ಬೇಡ, ಕ್ಲಚ್ ಒತ್ತಿದರೆ ಹಿಂದಕ್ಕೆ ಹೋಗುತ್ತದೆ. ನಾರಿನದು ಒಳ್ಳೆಯದು.

ಗ್ರೀಸ್ ಕೈ

ಗುಜರಿಯಲ್ಲಿ ಹಳೇ ವ್ಯಾನಿನ ಸೀಟ್ ಸ್ಲೈಡರ್ ಜೋಡಿ ಸಿಗುತ್ತದೆ, ತೆಗೆದುಕೊಳ್ಳುವಾಗ ಎರಡೂ ಕಡೆ ಲಾಕ್ ಹಲ್ಲು ಸವೆದಿಲ್ಲ ಅಂತ ನೋಡಿ. ಒಂದೇ ಕಡೆ ಲಾಕ್ ಆಗುವುದನ್ನು ತರಬೇಡಿ, ಬ್ರೇಕ್ ಒತ್ತುವಾಗ ಸೀಟು ಓರೆ ಹೋಗುತ್ತದೆ. ಮರದ ಹಲಗೆಗೆ ಸ್ಕ್ರೂ ಹೊಡೆದು ಕೂರಿಸಬೇಡಿ. ಕೆಳಗೆ ಅಡ್ಡಕ್ಕೆ ಎರಡು ಕಬ್ಬಿಣದ ಆಂಗಲ್ ಕೊಟ್ಟು, ಆ ಆಂಗಲ್ಲನ್ನು ಕ್ಯಾಬಿನ್ನಿನ ಅಡಿಯ ಚೌಕಟ್ಟಿಗೆ ಬೋಲ್ಟ್ ಮಾಡಿ, ಅದರ ಮೇಲೆ ಸ್ಲೈಡರ್. ಸ್ಲೈಡರಿನ ಎತ್ತರ ಒಂದಿಂಚು ಹತ್ತಿರ ಬರುತ್ತದೆ, ಅಷ್ಟನ್ನು ಸೀಟಿನ ಕೆಳಗಿನ ಪೆಟ್ಟಿಗೆಯಲ್ಲಿ ಕಮ್ಮಿ ಮಾಡಿಕೊಳ್ಳಿ, ಇಲ್ಲದಿದ್ದರೆ ನಿಮ್ಮ ತೊಡೆ ಮತ್ತೆ ಚಕ್ರಕ್ಕೆ ತಾಗುತ್ತದೆ.

ಶೇಂಗಾಲೋಡ್86

ನಾಳೆಯೇ ಗುಜರಿಗೆ ಹೋಗುತ್ತೇನೆ ಸರ್. ಅಪ್ಪನೂ ಬರುತ್ತಾರಂತೆ, ಸ್ಲೈಡರ್ ಲಾಕ್ ತಾವೇ ನೋಡಬೇಕಂತೆ.